ಬಾರ್ಸಿಲೋನಾದಲ್ಲಿ ಕಡಲ ದಡಕ್ಕಿಂತ ಗ್ರಾಸಿಯಾ ಮೇಲು

ನಮಸ್ಕಾರ. ಬಾರ್ಸಿಲೋನಾದಲ್ಲಿ ನಾಲ್ಕು ದಿನ, ಪತ್ನಿ ಸಸ್ಯಾಹಾರಿ, ರಾತ್ರಿಯ ಸುತ್ತಾಟಕ್ಕೆ ಕಡಲ ದಡದಲ್ಲೇ ಉಳಿಯುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಖಂಡಿತ ಬೇಡ, ಗ್ರಾಸಿಯಾ ಬಡಾವಣೆಯಲ್ಲಿ ಕೊಠಡಿ ಹಿಡಿಯಿರಿ. ಸಂಜೆಯಾದರೆ ಅಲ್ಲಿನ ಪುಟ್ಟ ಚೌಕಗಳಲ್ಲಿ ಊರಿನವರೇ ಕುಳಿತು ಹರಟುತ್ತಿರುತ್ತಾರೆ. ಇಬ್ಬರೇ ಹೋಗುವವರಿಗೆ ಅದಕ್ಕಿಂತ ಚೆಂದದ ಜಾಗ ನನಗೆ ಕಾಣದು.

ಊಟದ ಚಿಂತೆ ಬಿಡಿ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ತಿಕ್ಕಿ, ಹಣ್ಣಾದ ಟೊಮೆಟೊವನ್ನು ಅದರ ಮೇಲೆಯೇ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುವ 'ಪಾ ಅಂಬ್ ತುಮಾಕೆಟ್' ಎಲ್ಲೆಡೆ ಸಿಗುತ್ತದೆ. ಬದನೆಕಾಯಿ, ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದು ಮಾಡುವ 'ಎಸ್ಕಲಿವಾದಾ' ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಕೆಲವೆಡೆ ಮೇಲೆ ಮೀನಿನ ಎಳೆ ಇಡುತ್ತಾರೆ, ಮೊದಲೇ ಬೇಡವೆಂದು ಹೇಳಿ. ರಾತ್ರಿಯೂಟ ಒಂಬತ್ತಕ್ಕೆ ಮುಂಚೆ ರಂಗೇರುವುದಿಲ್ಲ.

ಸಗ್ರಾದಾ ಫಮಿಲಿಯಾಕ್ಕೆ ಇಲ್ಲಿಂದಲೇ ಟಿಕೆಟ್ ಕಾಯ್ದಿರಿಸಿ, ಅದೂ ಮಧ್ಯಾಹ್ನ ಇಳಿದ ಮೇಲಿನ ಹೊತ್ತಿಗೆ. 1882ರಲ್ಲಿ ಕಟ್ಟಲು ಆರಂಭಿಸಿದ ಆ ಇಗರ್ಜಿಯ ಪಶ್ಚಿಮದ ಗಾಜುಗಳಿಂದ ಕೆಂಪು, ಕಿತ್ತಳೆ ಬೆಳಕು ಆಗ ಕಂಬಗಳ ಮೇಲೆ ಹರಿಯುತ್ತದೆ. ಬೆಳಿಗ್ಗೆ ಹೋದರೆ ನೀಲಿ, ಹಸಿರು. ಅದೂ ಸೊಗಸೇ, ಆದರೆ ನನ್ನ ಮತ ಸಂಜೆಗೆ.

ಬಾರ್ಸಿಲೋನೇಟಾ ದಡದ ಕ್ಲಬ್ಬುಗಳಿಗೆ ಜೀವ ಬರುವುದೇ ನಡುರಾತ್ರಿ ದಾಟಿದ ಮೇಲೆ. ಹಾಗಾಗಿ ಶನಿವಾರವನ್ನೇ ಅದಕ್ಕೆ ಇಟ್ಟುಕೊಳ್ಳಿ: ಅಂದು ಮೆಟ್ರೋ ರಾತ್ರಿಯಿಡೀ ಓಡುತ್ತದೆ. ಪ್ರವಾಸಿಗರಿಂದ ತುಂಬಿರುವ ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರ ಕಾಟವಿದೆ, ಮೊಬೈಲನ್ನು ಮೇಜಿನ ಮೇಲೆ ಇಡಲೇಬೇಡಿ.