ಚಂದ್ರನ ಪಾಠಕ್ಕೆ 64 ಸ್ಲೈಡು ಬೇಡ, 35 ನಿಂಬೆಹಣ್ಣು ಸಾಕು

ಮುಂದಿನ ತಿಂಗಳು ನಿಮ್ಮೂರಿನ ಪ್ರೌಢಶಾಲೆಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಎಪ್ಪತ್ತು ಮಕ್ಕಳಿಗೆ ಚಂದ್ರನ ವೃದ್ಧಿ–ಕ್ಷಯದ ಬಗ್ಗೆ ಮಾತನಾಡಬೇಕು, ನಲವತ್ತೈದು ನಿಮಿಷವಿದೆ, 64 ಸ್ಲೈಡು ಸಿದ್ಧವಾಗಿದೆ, "ಮೇಷ್ಟ್ರೇ, ಒಮ್ಮೆ ನೋಡಿ ಹೇಳಿ" ಎಂದು ಗುಂಪಿಗೆ ಕಡತ ಹಾಕಿದ್ದೀರಿ. ಎರಡು ಸಲ ನೋಡಿದೆ. ಚಿತ್ರಗಳು ಚೆನ್ನಾಗಿವೆ, ಮಾಹಿತಿಯಲ್ಲಿ ತಪ್ಪಿಲ್ಲ, ಶ್ರಮ ಎದ್ದು ಕಾಣುತ್ತದೆ. ಆದರೆ 64 ಸ್ಲೈಡಿನಲ್ಲಿ ಮಕ್ಕಳಿಗೆ ಕೇಳಿರುವ ಪ್ರಶ್ನೆ ಒಂದೇ. ಅದು ಕಟ್ಟಕಡೆಯದು: "ಏನಾದರೂ ಪ್ರಶ್ನೆಗಳಿವೆಯೇ?" ಇರುವುದಿಲ್ಲ. ಇದ್ದರೂ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆದಿರುತ್ತದೆ.

ಬೇಸರ ಮಾಡಿಕೊಳ್ಳಬೇಡಿ. ಹನ್ನೆರಡು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ, ಅದೂ ಬೋಧನೆಯೇ ವೃತ್ತಿಯಾಗಿದ್ದವನು. ಒಂದು ಶಾಲೆಗೆ ಹೋಗಿ ಎಪ್ಪತ್ತಕ್ಕೂ ಹೆಚ್ಚು ಸ್ಲೈಡು ಓಡಿಸಿದೆ. ಚಿತ್ರ ಬದಲಾದಾಗಲೆಲ್ಲ ಮಕ್ಕಳು "ಓ" ಎಂದರು. "ಅರ್ಥವಾಯಿತೇ?" ಎಂದರೆ "ಅರ್ಥವಾಯಿತು ಸಾರ್" ಎಂದು ಇಡೀ ಕೊಠಡಿ ರಾಗವಾಗಿ ಹೇಳಿತು. ಪ್ರೊಜೆಕ್ಟರಿನ ಚೀಲ ಹಿಡಿದು ಬಸ್ ನಿಲ್ದಾಣದವರೆಗೆ ಬಂದ ಹುಡುಗನನ್ನು ಸುಮ್ಮನೆ ಕೇಳಿದೆ: ಅಮಾವಾಸ್ಯೆಯ ದಿನ ಚಂದ್ರ ಏಕೆ ಕಾಣುವುದಿಲ್ಲ? "ಭೂಮಿಯ ನೆರಳು ಬೀಳುತ್ತದಲ್ಲ ಸಾರ್" ಎಂದ. ಜೊತೆಯಲ್ಲಿದ್ದ ಇನ್ನೂ ಮೂವರು ಹೌದೆಂದು ತಲೆಯಾಡಿಸಿದರು. ಅದು ನೆರಳಲ್ಲ ಎಂದು ನಾನು ಮೂರು ಸ್ಲೈಡಿನಲ್ಲಿ, ಬಣ್ಣ ಹಾಕಿ, ಬಾಣ ಎಳೆದು ತೋರಿಸಿದ್ದೆ.

ಆ ನೆರಳಿನ ಉತ್ತರ ಮಕ್ಕಳ ದಡ್ಡತನವಲ್ಲ. ಅವರೇ ಯೋಚಿಸಿ ಕಟ್ಟಿಕೊಂಡ ಉತ್ತರ ಅದು. ನಾವು ಶಾಲೆಯ ಗೇಟು ದಾಟುವ ಮೊದಲೇ ಅವರ ತಲೆಯಲ್ಲಿ ಮನೆ ಮಾಡಿರುತ್ತದೆ. ನಾವು ಸರಿಯುತ್ತರ ಹೇಳಿದರೆ ಅದು ಹಳೆಯದರ ಪಕ್ಕದಲ್ಲಿ ಒಂದು ಮೂಲೆ ಹಿಡಿದು ಕೂರುತ್ತದೆ, ಪರೀಕ್ಷೆಗೆ ಮಾತ್ರ ಎದ್ದು ಬರುತ್ತದೆ. ಹಳೆಯ ಉತ್ತರವನ್ನು ಮಗು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಅದು ತನ್ನ ಕಣ್ಣೆದುರೇ ಮುಗ್ಗರಿಸಬೇಕು. ನನ್ನ ಪ್ರಕಾರ ಸ್ಲೈಡಿಗೆ ಇರುವುದು ಇದೊಂದೇ ಕೆಲಸ: ಮಗು ಒಂದು ಉತ್ತರಕ್ಕೆ ಕೈಯೆತ್ತುವಂತೆ ಮಾಡುವುದು. ಆ ಲೆಕ್ಕದಲ್ಲಿ ನೋಡಿದರೆ ನಿಮ್ಮ 64ರಲ್ಲಿ ಉಳಿಯುವುದು ಒಂಬತ್ತೋ ಹತ್ತೋ.

ಮೊದಲ ಸ್ಲೈಡಿನಲ್ಲಿ ನಿಮ್ಮ ಹೆಸರು, ಗುಂಪಿನ ಲಾಂಛನ ಏನೂ ಬೇಡ. ಅಷ್ಟಮಿಯ ಅರ್ಧ ಚಂದ್ರನ ಒಂದು ಫೋಟೊ, ಕೆಳಗೆ ಪ್ರಶ್ನೆ: ಇನ್ನರ್ಧ ಏಕೆ ಕಾಣುತ್ತಿಲ್ಲ? ಅ) ಭೂಮಿಯ ನೆರಳು ಬಿದ್ದಿದೆ. ಆ) ಆ ಅರ್ಧಕ್ಕೆ ಬಿಸಿಲು ಬಿದ್ದಿಲ್ಲ. ಇ) ಆ ಅರ್ಧ ಮೋಡದ ಹಿಂದಿದೆ. ತಪ್ಪು ಆಯ್ಕೆಗಳನ್ನು ನೀವೇ ಕೂತು ಹೊಸೆಯಬೇಡಿ, ಮಕ್ಕಳ ಬಾಯಿಂದ ಬಂದದ್ದನ್ನೇ ಹಾಕಿ. ಮುಂಚಿತವಾಗಿ ಅಲ್ಲಿನ ವಿಜ್ಞಾನ ಶಿಕ್ಷಕರಿಗೆ ಫೋನ್ ಮಾಡಿ, ಈ ಪ್ರಶ್ನೆಗೆ ಒಂದೊಂದು ಸಾಲು ಬರೆಸಿ ಕಳುಹಿಸಲು ಕೇಳಿಕೊಂಡರೆ ಒಳ್ಳೆಯ ತಪ್ಪುಗಳು ಪುಕ್ಕಟೆಯಾಗಿ ಸಿಗುತ್ತವೆ. ನಗಿಸಲೆಂದು ಹಾಕಿದ ಆಯ್ಕೆಗೆ ಯಾರೂ ಕೈಯೆತ್ತುವುದಿಲ್ಲ, ಒಂದು ಸ್ಥಾನ ದಂಡ.

ಮೊಬೈಲ್ ರಸಪ್ರಶ್ನೆಯ ಆ್ಯಪ್ ಬಳಸಲೇ ಎಂದು ಕೇಳಿದ್ದೀರಿ. ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲ, ಇದ್ದರೂ ಬೇಡ. ಯಾರು ಬೇಗ ಒತ್ತಿದರು ಎಂದು ಅಂಕ ಕೊಡುವ ಆಟದಲ್ಲಿ ಯೋಚಿಸುವ ಮಗುವೇ ಸೋಲುತ್ತದೆ. ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅ, ಆ, ಇ ಬರೆದ ಚೀಟಿಗಳು ಸಾಕು. ಎಲ್ಲರೂ ಒಟ್ಟಿಗೆ, ಎದೆಗೆ ಹಿಡಿದು ತೋರಿಸಬೇಕು, ಪಕ್ಕದವರದು ಕಾಣದಂತೆ.

ಕೈಯೆತ್ತಿಸಿದ ಮೇಲೆ ನಾಲಿಗೆ ತುರಿಸುತ್ತದೆ, ಸರಿಯುತ್ತರ ಹೇಳಿಬಿಡೋಣ ಎಂದು. ಹೇಳಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ನಡೆಸಿಕೊಂಡು ಬಂದ ಕ್ರಮ ಇದೇ. ಒಂದು ಪ್ರಶ್ನೆ, ಒಬ್ಬೊಬ್ಬರೇ ಯೋಚಿಸಲು ಒಂದೆರಡು ನಿಮಿಷ, ಮತ, ಆಮೇಲೆ ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ವಾದ, ಮತ್ತೆ ಮತ, ವಿವರಣೆ ಕೊನೆಗೆ. ನೂರಕ್ಕೆ ಸುಮಾರು 30ರಿಂದ 70 ಮಂದಿ ಮೊದಲ ಸಲ ಸರಿ ಹೇಳಿದ್ದರೆ ಈ ವಾದ ಚೆನ್ನಾಗಿ ಫಲ ಕೊಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಕುರುಡರು ಕುರುಡರ ಕೈ ಹಿಡಿದಂತೆ, ಒಂದು ಸುಳಿವು ಕೊಟ್ಟು ಮತ್ತೆ ಕೇಳಿ. ಅದಕ್ಕಿಂತ ಹೆಚ್ಚಾದರೆ ಎರಡು ಮಾತು ಹೇಳಿ ಮುಂದೆ ಹೋಗಿ. ನೆರಳಿನ ಪ್ರಶ್ನೆಗೆ ಸರಿ ಹೇಳುವವರು ಕಡಿಮೆಯೇ ಇರುತ್ತಾರೆ, ಆದ್ದರಿಂದ ಸುಳಿವಿನ ಸ್ಲೈಡು ಸಿದ್ಧವಿರಲಿ.

ಆ ಸುಳಿವೂ ಪ್ರಶ್ನೆಯೇ. "ಅಷ್ಟಮಿಯ ಸಂಜೆ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿದ್ದಾನೆ. ಅರ್ಧ ಚಂದ್ರ ನೆತ್ತಿಯ ಹತ್ತಿರ ಇದ್ದಾನೆ. ಭೂಮಿಯ ನೆರಳು ಯಾವ ಕಡೆಗೆ ಬೀಳುತ್ತದೆ?" ಎಲ್ಲರನ್ನೂ ಎದ್ದು ನಿಲ್ಲಿಸಿ. ಒಂದು ಕೈ ಸೂರ್ಯನತ್ತ, ಇನ್ನೊಂದು ಕೈ ನೆರಳು ಹೋಗುವ ಕಡೆಗೆ ಚಾಚಲಿ. ಒಂದು ಕೈ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ, ಚಂದ್ರ ಮಾತ್ರ ನೆತ್ತಿಯ ಮೇಲೆ. ಕೆಲವು ಕ್ಷಣ ಯಾರೂ ಮಾತನಾಡುವುದಿಲ್ಲ. ಕಳೆದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಚಾಚಿಕೊಂಡೇ ತಲೆಯೆತ್ತಿ ತಾರಸಿ ನೋಡಿದಳು, ಪೂರ್ವದ ಕೈ ನೋಡಿದಳು, ಮತ್ತೆ ತಾರಸಿ ನೋಡಿದಳು. "ಹಾಗಾದರೆ ನೆರಳು ಅಲ್ಲಿಗೆ ಹೋಗುವುದೇ ಇಲ್ಲವಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ನನ್ನ ಮೂರು ಸ್ಲೈಡು ಮಾಡಲಾಗದ್ದನ್ನು ಅವಳ ಎರಡು ಕೈ ಮಾಡಿದವು.

ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿ ತೆರೆಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಎಂದರೆ ಏನು ಮಹಾ ಎನ್ನಿಸುತ್ತದೆ. ಎಪ್ಪತ್ತು ಜೋಡಿ ಕಣ್ಣುಗಳ ಮುಂದೆ ನಿಂತು ನೋಡಿ. ನಾನು ಪ್ರಶ್ನೆ ಕೇಳಿದೊಡನೆ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿಯುತ್ತೇನೆ. ಪ್ರಶ್ನೆಯ ಸ್ಲೈಡು ಓದಿಸಿದ ಮೇಲೆ ಕೀಲಿಮಣೆಯಲ್ಲಿ ಬಿ ಒತ್ತಿ. ಪವರ್‌ಪಾಯಿಂಟಿನಲ್ಲಿ ಪರದೆ ಕಪ್ಪಾಗುತ್ತದೆ. ಪರದೆ ಬೆಳಗುತ್ತಿರುವಷ್ಟು ಹೊತ್ತೂ ಮಕ್ಕಳು ಅದನ್ನೇ ನೋಡುತ್ತಾರೆ, ಪಕ್ಕದವರ ಮುಖ ನೋಡುವುದಿಲ್ಲ.

ಇನ್ನು ನಿಂಬೆಹಣ್ಣಿನ ವಿಷಯ. ಒಂದು ಕೊಠಡಿಯ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿ, ನಡುವೆ ಮಕ್ಕಳ ತಲೆಯ ಎತ್ತರಕ್ಕೆ ಒಂದೇ ಒಂದು ಬಲ್ಬ್ ತೂಗುಬಿಡಿ. ಬಲ್ಬ್ ಸೂರ್ಯ, ಮಗುವಿನ ತಲೆಯೇ ಭೂಮಿ, ಪೆನ್ಸಿಲಿಗೆ ಚುಚ್ಚಿದ ನಿಂಬೆಹಣ್ಣು ಚಂದ್ರ. ತೋಳು ಪೂರ್ತಿ ಚಾಚಿ ಹಣ್ಣನ್ನು ಮೊದಲು ಬಲ್ಬಿನ ಕಡೆಗೆ ಹಿಡಿಯಬೇಕು: ನಮ್ಮ ಕಡೆಯ ಮೈಯೆಲ್ಲ ಕತ್ತಲೆ, ಅಮಾವಾಸ್ಯೆ. ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗುತ್ತ ಹೋದರೆ ಬಿದಿಗೆಯ ಗೆರೆ, ಅಷ್ಟಮಿಯ ಅರ್ಧ, ಆಮೇಲೆ ಹುಣ್ಣಿಮೆ. ತಿರುಗುವ ಮೊದಲೇ ಕೇಳಿ: "ಬಲ್ಬ್ ನಿಮ್ಮ ಬಲಭುಜದ ನೇರಕ್ಕೆ ಬಂದಾಗ ಹಣ್ಣಿನ ಯಾವ ಪಕ್ಕ ಬೆಳಗಿರುತ್ತದೆ?" ಊಹೆಯನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ತಿರುಗಲಿ. ಇಬ್ಬರಿಗೆ ಒಂದು ಹಣ್ಣು, ಒಬ್ಬರು ತಿರುಗುವಾಗ ಇನ್ನೊಬ್ಬರು ಕಂಡದ್ದನ್ನು ಬರೆದುಕೊಳ್ಳಲಿ. ಎಪ್ಪತ್ತು ಮಂದಿಯನ್ನು ಒಟ್ಟಿಗೆ ಬಿಡಬೇಡಿ, ಎರಡು ಸರದಿ ಮಾಡಿ. ವೈರು ಕಾಲಿಗೆ ಸಿಕ್ಕದಿರಲಿ.

ಇಲ್ಲಿ ಒಂದು ತಮಾಷೆ ಆಗಿಯೇ ಆಗುತ್ತದೆ. ಹುಣ್ಣಿಮೆಯ ಜಾಗಕ್ಕೆ ಬಂದಾಗ ಮಗುವಿನ ತಲೆಯ ನೆರಳೇ ಹಣ್ಣಿನ ಮೇಲೆ ಬೀಳುತ್ತದೆ. "ಸಾರ್, ನನ್ನದು ಕತ್ತಲಾಯಿತು" ಎಂದು ಕೂಗು ಏಳುತ್ತದೆ. ಯಾರೋ ಒಬ್ಬರು ತಾವಾಗಿಯೇ ಕೈಯನ್ನು ಸ್ವಲ್ಪ ಮೇಲೆತ್ತುತ್ತಾರೆ, ಹಣ್ಣು ಬೆಳಗುತ್ತದೆ. ಅಲ್ಲಿ ನಿಲ್ಲಿಸಿ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿದೆ, ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ ಎಂಬ ನಿಮ್ಮ 41ನೆಯ ಸ್ಲೈಡನ್ನು ಆಗ ಬಾಯಲ್ಲಿ ಹೇಳಿ, ಕೇಳಲು ಕಿವಿಗಳು ಸಿದ್ಧವಿರುತ್ತವೆ. 2025ರ ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಗ್ರಹಣವನ್ನು ಮೋಡದ ಸಂದಿಯಲ್ಲಿ ನೋಡಿದ ಮಕ್ಕಳು ಇದ್ದೇ ಇರುತ್ತಾರೆ. ಅಂದು ನೆರಳು ಚಂದ್ರನನ್ನು ಆವರಿಸಿ ಬಿಟ್ಟುಹೋದದ್ದು ಮೂರೂವರೆ ಗಂಟೆಯಲ್ಲಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಎರಡೂ ಒಂದೇ ನೆರಳಿನ ಕೆಲಸವೇ ಎಂದು ಅವರೇ ವಾದಿಸಲಿ.

ಎಂಟು ಚಂದ್ರರು ಭೂಮಿಯ ಸುತ್ತ ನಿಂತ ಆ ಪ್ರಸಿದ್ಧ ಚಿತ್ರವನ್ನು ನೀವು ಎರಡನೆಯ ಸ್ಲೈಡಿಗೇ ಹಾಕಿದ್ದೀರಿ. ಅದನ್ನು ನಿಂಬೆಹಣ್ಣಿನ ನಂತರಕ್ಕೆ ಒಯ್ಯಿರಿ. ಮೇಲಿನಿಂದ ನೋಡಿದ ನೋಟವೂ ನೆಲದಿಂದ ನೋಡಿದ ನೋಟವೂ ಅದರಲ್ಲಿ ಕಲಸಿಹೋಗಿವೆ. ಗೊತ್ತಿದ್ದವರಿಗಷ್ಟೇ ಗೊತ್ತಾಗುವ ಚಿತ್ರ ಅದು. ಅಳತೆಯಂತೂ ಪೂರಾ ಸುಳ್ಳು. ಬಾಸ್ಕೆಟ್‌ಬಾಲ್ ಭೂಮಿಯಾದರೆ ಟೆನ್ನಿಸ್ ಚೆಂಡು ಚಂದ್ರ. ಎಷ್ಟು ದೂರ ಹಿಡಿಯಬೇಕು ಎಂದು ಕೇಳಿದರೆ ಮಕ್ಕಳು ಒಂದು ಮೊಳ, ಎರಡು ಮೊಳ ಎನ್ನುತ್ತಾರೆ. ಭೂಮಿಯ ವ್ಯಾಸದ ಸುಮಾರು ಮೂವತ್ತು ಪಟ್ಟು ದೂರ, ಅಂದರೆ ಏಳು ಮೀಟರಿಗೂ ಚೂರು ಹೆಚ್ಚು. ಟೆನ್ನಿಸ್ ಚೆಂಡು ಹಿಡಿದ ಹುಡುಗ ಹಿಂದೆ ಹಿಂದೆ ಸರಿದು ಎದುರು ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದನ್ನು ಯಾವ ಆ್ಯನಿಮೇಶನ್ನೂ ಸರಿಗಟ್ಟುವುದಿಲ್ಲ.

ಒಂದು ಪದದ ಬಗ್ಗೆಯೂ ಎಚ್ಚರಿಕೆ. ವೃದ್ಧಿ–ಕ್ಷಯದ ಹಂತಗಳಿಗೆ "ಚಂದ್ರನ ಕಲೆಗಳು" ಎಂದು ಶೀರ್ಷಿಕೆ ಕೊಟ್ಟಿದ್ದೀರಿ. ಕಲೆ ಎಂದೊಡನೆ ಅರ್ಧ ತರಗತಿಗೆ ಚಂದ್ರನ ಮೇಲಿನ ಮೊಲ ನೆನಪಾಗುತ್ತದೆ, ಉಳಿದರ್ಧಕ್ಕೆ ಅಂಗಿಯ ಮೇಲಿನ ಸಾರು. ಪಾಡ್ಯ, ಬಿದಿಗೆ, ಅಷ್ಟಮಿ ಎನ್ನಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇರುವ ಮಾತುಗಳು. ಆ ಕ್ಯಾಲೆಂಡರಿನಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಸಂಕಷ್ಟಿಯ ದಿನ ಅಜ್ಜಿ ಊಟಕ್ಕೆ ರಾತ್ರಿ ಒಂಬತ್ತರ ಸುಮಾರಿನವರೆಗೆ ಚಂದ್ರೋದಯ ಕಾಯುವುದೇಕೆ, ಗಣೇಶ ಚೌತಿಯ ಚಂದ್ರ ಸಂಜೆಯೇ ಕಣ್ಣಿಗೆ ಬೀಳುವುದೇಕೆ? ಎರಡೂ ಚೌತಿಯೇ. ಹಣ್ಣು ಹಿಡಿದು ತಿರುಗಿದವರು ಇದನ್ನು ಬಿಡಿಸಬಲ್ಲರು, ಸ್ಲೈಡು ನೋಡಿದವರು ಬಿಡಿಸಲಾರರು.

ಸ್ಲೈಡಿನ ರೂಪದ ಬಗ್ಗೆ ಚುಟುಕಾಗಿ. ನಿಮ್ಮ ಕಪ್ಪು ಹಿನ್ನೆಲೆ ಶಾಲೆಯ ಬೆಳಕಿನಲ್ಲಿ ಬೂದಿಯಂತೆ ಕಾಣುತ್ತದೆ, ಬಿಳಿ ಹಿನ್ನೆಲೆಗೆ ಬನ್ನಿ. ಕನ್ನಡ ಅಕ್ಷರ ಯೂನಿಕೋಡಿನಲ್ಲಿರಲಿ, ಒಂದು ಪಿಡಿಎಫ್ ಪ್ರತಿಯೂ ಇರಲಿ. ಹಳೆಯ ಫಾಂಟಿನಲ್ಲಿ ಮಾಡಿದ್ದು ಆ ಗಣಕದಲ್ಲಿ ತೆರೆದಾಗ ಗೀಚಿದಂತೆ ಬಂದರೆ ಅಲ್ಲಿಗೆ ಮುಗಿಯಿತು. ಪರದೆಯ ಮೇಲಿರುವುದನ್ನೇ ಗಟ್ಟಿಯಾಗಿ ಓದಬೇಡಿ. ಬಿದಿಗೆ ಚಂದ್ರನ ಚಿತ್ರವನ್ನು ಅಂತರ್ಜಾಲದಿಂದ ತೆಗೆಯದೆ ನೀವೇ ಕ್ಲಿಕ್ಕಿಸಿ. ಅಲ್ಲಿನ ಚಿತ್ರಗಳಲ್ಲಿ ಬಹಳಷ್ಟು ನೆಟ್ಟಗೆ ನಿಂತಿರುತ್ತವೆ, ನಮ್ಮ ಅಕ್ಷಾಂಶದಲ್ಲಿ ಅದು ದೋಣಿಯಂತೆ ಮಲಗಿರುತ್ತದೆ, ಶಿವನ ಜಟೆಯ ಮೇಲಿರುವ ಹಾಗೆ. ನಾಲ್ಕು ನಿಮಿಷದ ಇಂಗ್ಲಿಷ್ ವಿಡಿಯೊ ತೆಗೆದುಬಿಡಿ.

ಕೊನೆಯ ಐದು ನಿಮಿಷ ಸಾರಾಂಶದ ಸ್ಲೈಡಿಗೆ ಕೊಡಬೇಡಿ. ಪರದೆ ಕಪ್ಪು ಮಾಡಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆಯಲು, ಚಿತ್ರ ಬಿಡಿಸಲು ಹೇಳಿ. ಅಡಿಯಲ್ಲಿ ಇನ್ನೂ ತಿಳಿಯದ ಒಂದು ವಿಷಯ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ನೋಡಿದರೆ ಓದುವ ಬದಲು ನೆನಪಿಸಿಕೊಂಡು ಬರೆದವರು ಮುಂದಿದ್ದರು. ನಿಮಗೆ ಬೇಕಾದದ್ದು ಆ ವಾರದ ನಂತರದ್ದು.

ಮುಖ್ಯೋಪಾಧ್ಯಾಯರಿಗೆ ಮೊದಲೇ ಒಂದು ಮಾತು ಹೇಳಿಡಿ. ಗದ್ದಲವಾಗುತ್ತದೆ, ಉಪನ್ಯಾಸ ಕಡಿಮೆ, "ಏನೂ ಹೇಳಲಿಲ್ಲವಲ್ಲ" ಎನ್ನಿಸಬಹುದು. ಮಕ್ಕಳಿಗೂ ಹಾಗೆ ಅನ್ನಿಸೀತು. ಹಾರ್ವರ್ಡಿನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೊಗಸಾದ ಉಪನ್ಯಾಸ ಕೇಳಿದವರು ತಾವು ಹೆಚ್ಚು ಕಲಿತೆವೆಂದುಕೊಂಡರು, ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಾವೇ ತಿಣುಕಿ ಬಿಡಿಸಿದವರಿಗೆ.

ದಿನಾಂಕ ಇನ್ನೂ ನಿಗದಿಯಾಗಿಲ್ಲವಾದರೆ ಪಂಚಾಂಗ ನೋಡಿ ಶುಕ್ಲ ಸಪ್ತಮಿಯೋ ಅಷ್ಟಮಿಯೋ ಕೇಳಿ, ಮಧ್ಯಾಹ್ನದ ಕೊನೆಯ ಅವಧಿ. ಮೂರೂವರೆಗೆ ಅರ್ಧ ಚಂದ್ರ ಪೂರ್ವದ ಆಕಾಶದಲ್ಲಿ ಹಗಲಲ್ಲೇ ಕಾಣುತ್ತಾನೆ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ, ನಿಂಬೆಹಣ್ಣನ್ನು ಬಿಸಿಲಿನಲ್ಲಿ ಚಂದ್ರನ ಪಕ್ಕಕ್ಕೆ ಕಾಣುವಂತೆ ಹಿಡಿಯಲು ಹೇಳಿ. ಹಣ್ಣಿನ ಮೇಲೂ ಅದೇ ಅರ್ಧ, ಅದೇ ಓರೆ. ಮೋಡ ಕವಿದರೆ ಬಲ್ಬ್ ಇದ್ದೇ ಇದೆ, ಕರೆಂಟು ಹೋದರೆ ಟಾರ್ಚು ಇಟ್ಟುಕೊಂಡಿರಿ. ಹಣ್ಣು ಐದು ಹೆಚ್ಚಿಗೆ ಕೊಳ್ಳಿ. ಕಳೆದ ಸಲ ನಮ್ಮ ನಾಲ್ಕು ಚಂದ್ರರನ್ನು ಅಡುಗೆಯವರು ಮಧ್ಯದಲ್ಲೇ ಚಿತ್ರಾನ್ನಕ್ಕೆ ಒಯ್ದಿದ್ದರು.