ಎರ್ಗ್ ಟೈಮ್ ಹೇಳದ ಮಾತು

ಪತ್ರ: ಅಮೆರಿಕದ ಕಾಲೇಜೊಂದರಲ್ಲಿ ನಾಲ್ಕು ವರ್ಷ ಕ್ರೂ, ಅಂದರೆ ಸ್ಪರ್ಧೆಯ ದೋಣಿಗೆ ಹುಟ್ಟು ಹಾಕುವ, ತಂಡದಲ್ಲಿದ್ದೆ. ಎಂಟು ಜನರ ಎರಡನೇ ದೋಣಿ, ಐದನೇ ಸೀಟು. ಈಚೆಗೆ ಹಳೇ ತಂಡದವರೆಲ್ಲ ಸೇರಿದ್ದೆವು. ರಾತ್ರಿಯೆಲ್ಲ ಒಂದೇ ಮಾತು, ಯಾರ 2,000 ಮೀಟರ್ ಎರ್ಗ್ ಟೈಮ್ ಎಷ್ಟಿತ್ತು ಅಂತ. ಎರ್ಗ್ ಎಂದರೆ ಎರ್ಗೋಮೀಟರ್, ನೆಲದ ಮೇಲೆ ಕೂತು ಹುಟ್ಟು ಹಾಕುವ ಅಭ್ಯಾಸದ ಯಂತ್ರ. ನನ್ನದು ಎಲ್ಲರಿಗಿಂತ ಹಿಂದೆ. ನನಗೆ ನೆನಪಿರುವುದು ಬೆಳಗಿನ ಕತ್ತಲು, ಎಂಟು ಹುಟ್ಟುಗಳು ಒಟ್ಟಿಗೆ ನೀರಿಗಿಳಿಯುವ ಸದ್ದು. ‘ನೆನಪು ಬಣ್ಣ ಹಚ್ಚುತ್ತೆ, ಅಂಕಿ ಸುಳ್ಳು ಹೇಳಲ್ಲ’ ಎಂದ ಒಬ್ಬ ಗೆಳೆಯ. ನಾನು ಸುಮ್ಮನಾದೆ. ಅವನು ಹೇಳಿದ್ದು ನಿಜವೇ?

ಉತ್ತರ: ಸುಮ್ಮನಾದಿರಲ್ಲ, ನನಗೆ ಬೇಸರವಾಗಿದ್ದು ಅದಕ್ಕೇ. ಅಲ್ಲಿದ್ದವರಲ್ಲಿ ದೋಣಿಯನ್ನು ನೆನಪಿಟ್ಟುಕೊಂಡು ಬಂದವರು ನೀವು. ಉಳಿದವರು ಮಾತಾಡುತ್ತಿದ್ದದ್ದು ಒಂದು ಯಂತ್ರದ ಬಗ್ಗೆ.

ಯಂತ್ರವನ್ನು ಹಳಿಯುವುದಿಲ್ಲ. 1981ರಲ್ಲಿ ಡ್ರೈಸಿಗ್ಯಾಕರ್ ಸಹೋದರರು ಸೈಕಲ್ ಚಕ್ರ ಬಳಸಿ ಮಾಡಿದ ಎರ್ಗೋಮೀಟರ್ ಬಂದ ಮೇಲೆ, ನದಿ ಹೆಪ್ಪುಗಟ್ಟಿದ ತಿಂಗಳುಗಳಲ್ಲೂ ಒಳ್ಳೆಯ ಅಭ್ಯಾಸ ಸಾಧ್ಯವಾಯಿತು. ಕೋಚ್‌ಗೆ ಬೇಕಾದವನಿಗೇ ಸೀಟು ಎಂಬ ದೂರೂ ಒಂದಿಷ್ಟು ಕಡಿಮೆಯಾಗಿರಬಹುದು. ಒಪ್ಪೋಣ. ಆದರೆ ಅದು ಅಳೆಯುವುದು ಒಬ್ಬನ ಶಕ್ತಿಯನ್ನು ಮಾತ್ರ, ಅದೂ ನೆಲದ ಮೇಲೆ.

ನೀರಿನ ಮೇಲೆ ಏನಾಗುತ್ತದೆ ಎಂದು ನಿಮಗೆ ಗೊತ್ತು, ಬೇರೆ ಓದುಗರಿಗಾಗಿ ಹೇಳುತ್ತೇನೆ. ಎಂಟರ ದೋಣಿ 17 ಮೀಟರಿಗೂ ಉದ್ದ, ಅಗಲ ಒಬ್ಬ ಕೂರುವಷ್ಟು. ಸ್ಪರ್ಧೆಯ ನಿಯಮದಂತೆ ಅದರ ಕನಿಷ್ಠ ತೂಕ 96 ಕೆ.ಜಿ. ಅದರೊಳಗೆ, ಅದರ ಆರೇಳು ಪಟ್ಟು ತೂಗುವ ಎಂಟು ಮೈಗಳು ಜಾರುವ ಸೀಟಿನ ಮೇಲೆ ಹಿಂದೆ ಮುಂದೆ ಹೋಗುತ್ತಿರುತ್ತವೆ. ಹುಟ್ಟು ಎಳೆದಾದ ಮೇಲೆ ವಾಪಸ್ ಜಾರುವಾಗ ಒಬ್ಬ ಆತುರಪಟ್ಟರೂ ಸಾಕು, ಚೆನ್ನಾಗಿ ಓಡುತ್ತಿದ್ದ ದೋಣಿ ತಡೆದಂತಾಗುತ್ತದೆ. ಒಬ್ಬನ ಕೈಯ ಎತ್ತರ ತಪ್ಪಿದರೆ ಎಲ್ಲರೂ ಒಂದು ಬದಿಗೆ ವಾಲುತ್ತಾರೆ. ಎರ್ಗ್ ಇದ್ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ದೊಡ್ಡ ಮೈಯವನಿಗೆ ಲಾಭ ಜಾಸ್ತಿ. ನೀರಿನಲ್ಲಿ ಆ ಭಾರವನ್ನು ದೋಣಿಯೇ ಹೊರಬೇಕು.

ಅದಕ್ಕೇ ಕೋಚ್‌ಗಳು ಸೀಟ್ ರೇಸಿಂಗ್ ಮಾಡಿಸುತ್ತಾರೆ. ನಾಲ್ವರ ಎರಡು ದೋಣಿ, ಒಂದು ಓಟ. ಆಮೇಲೆ ಆಚೆ ದೋಣಿಯಿಂದ ಒಬ್ಬನನ್ನು, ಈಚೆ ದೋಣಿಯಿಂದ ಒಬ್ಬನನ್ನು ಅದಲುಬದಲು ಮಾಡಿ ಮತ್ತೆ ಓಟ. ಅಂತರ ಎಷ್ಟು ಬದಲಾಯಿತು ಎಂದು ನೋಡುತ್ತಾರೆ. ಎರ್ಗ್‌ನಲ್ಲಿ ಹಿಂದೆ ಬಿದ್ದವನು ಇಲ್ಲಿ ಗೆಲ್ಲುವುದುಂಟು. ಕಾಕ್ಸ್ ಆಗಿದ್ದ, ಅಂದರೆ ಚುಕ್ಕಾಣಿ ಹಿಡಿದು ತಂಡಕ್ಕೆ ಕೂಗಿ ಹೇಳುತ್ತಿದ್ದ, ನನ್ನ ಗೆಳತಿಯೊಬ್ಬಳು ತನ್ನ ದೋಣಿಯ ಒಬ್ಬ ಹುಡುಗಿಯ ಬಗ್ಗೆ ಈಗಲೂ ಹೇಳುತ್ತಿರುತ್ತಾಳೆ. ಸಣ್ಣ ಮೈ, ಸಾಧಾರಣ ಟೈಮ್. ಅವಳು ಜ್ವರದಿಂದ ಬಾರದ ದಿನ ಮಾತ್ರ ದೋಣಿ ಎಳೆದರೂ ಹೋಗುತ್ತಿರಲಿಲ್ಲವಂತೆ. ಉಳಿದ ಏಳು ಜನ ಅವರೇ, ನೀರು ಅದೇ!

1936ರ ಬರ್ಲಿನ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರ ದೋಣಿ. ಇಡೀ ದೋಣಿಗೆ ಲಯ ಹಿಡಿದುಕೊಡಬೇಕಾದ ಸ್ಟ್ರೋಕ್ ಸೀಟಿನ ಡಾನ್ ಹ್ಯೂಮ್‌ಗೆ ಕಾಯಿಲೆ. ಅವನನ್ನು ಬಿಟ್ಟು ಬೇರೆಯವನನ್ನು ಕೂರಿಸುವ ಮಾತು ಬಂದಾಗ ತಂಡದವರು ಅವನೇ ಬೇಕೆಂದರು. ಅವರು 6 ನಿಮಿಷ 25.4 ಸೆಕೆಂಡಿಗೆ ಗುರಿ ಮುಟ್ಟಿದರು. ಇಟಲಿ 0.6 ಸೆಕೆಂಡ್ ಹಿಂದೆ, ಜರ್ಮನಿ ಮೂರನೆಯದು. ಆ ದಿನ ಬೆಳಿಗ್ಗೆ ಹ್ಯೂಮ್‌ನನ್ನು ಈಗಿನ ಎರ್ಗ್ ಮೇಲೆ ಕೂರಿಸಿ, ಬಂದ ಅಂಕಿ ನೋಡಿ ಆರಿಸಿದ್ದರೆ ಅವನು ದಡದಲ್ಲೇ ಇರುತ್ತಿದ್ದ. ನಿಮ್ಮ ಗೆಳೆಯ ಇದಕ್ಕೇನು ಹೇಳುತ್ತಾನೆ?

ಇನ್ನು ನೆನಪು ಬಣ್ಣ ಹಚ್ಚುತ್ತೆ ಅನ್ನುವ ಮಾತು. ಯೇಲ್ ವಿಶ್ವವಿದ್ಯಾಲಯದ ಮಹಿಳಾ ಕ್ರೂ ತಂಡಕ್ಕೆ 1976ರಲ್ಲಿ ದೋಣಿಮನೆಯಲ್ಲಿ ಸ್ನಾನದ ವ್ಯವಸ್ಥೆಯೇ ಇರಲಿಲ್ಲ, ಗಂಡಸರಿಗಿತ್ತು. ಗಂಡಸರ ಸ್ನಾನ ಮುಗಿಯುವವರೆಗೆ ಅವರು ಚಳಿಯಲ್ಲಿ ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು ಕಾಯಬೇಕಿತ್ತು. ಕಡೆಗೆ ನಾಯಕಿ ಕ್ರಿಸ್ ಅರ್ನ್ಸ್ಟ್ ಸೇರಿ 19 ಮಂದಿ ಕ್ರೀಡಾ ಅಧಿಕಾರಿಯ ಕಚೇರಿಗೆ ಹೋಗಿ ಬಟ್ಟೆ ತೆಗೆದು ನಿಂತರು. ಸಮಾನ ಅವಕಾಶದ ಕಾನೂನಾದ ‘ಟೈಟಲ್ ನೈನ್’ ಹೆಸರನ್ನು ಮೈಮೇಲೇ ಬರೆದುಕೊಂಡಿದ್ದರು. ಆ ಸುದ್ದಿ ದೇಶವೆಲ್ಲ ಓಡಾಡಿತು. ಆ ಒದ್ದೆ ಬಸ್ಸಿನ ನೆನಪಿಗೆ ಯಾರು ಬಣ್ಣ ಹಚ್ಚಬೇಕು? ಅವರನ್ನು ಒಂದು ತಂಡವಾಗಿಸಿದ್ದರಲ್ಲಿ ಆ ಬಸ್ಸಿನ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ.

ಸುಳ್ಳಿನ ಮಾತೇ ಬಂದರೆ, 2019ರಲ್ಲಿ ಅಮೆರಿಕದಲ್ಲಿ ಹೊರಬಿದ್ದ ಕಾಲೇಜು ಪ್ರವೇಶ ಹಗರಣವನ್ನು ನೋಡಿ. ಎಂದೂ ಕ್ರೂ ತಂಡದಲ್ಲಿ ಇರದ ಮಕ್ಕಳನ್ನು ಇದೇ ಎರ್ಗ್ ಮೇಲೆ ಕೂರಿಸಿ ಫೋಟೊ ತೆಗೆದು, ಇವರು ರೋಯಿಂಗ್ ಪಟುಗಳು ಎಂದು ತೋರಿಸಿ ಸೀಟು ಗಿಟ್ಟಿಸಿದ್ದರು. ಯಂತ್ರದ ಮೇಲೆ ಯಾರು ಬೇಕಾದರೂ ಕೂರಬಹುದು. ಎಂಟರ ದೋಣಿಯಲ್ಲಿ ಐದನೇ ಸೀಟಿನಲ್ಲಿ ಕೂತು ನಟಿಸಲು ಬರುತ್ತದೆಯೇ? ಹತ್ತು ಸ್ಟ್ರೋಕ್ ಆಗುವಷ್ಟರಲ್ಲಿ ಮುಂದೆ ಹಿಂದೆ ಕೂತವರಿಗೆಲ್ಲ ಗೊತ್ತಾಗುತ್ತದೆ.

ನನ್ನ ಸಿಟ್ಟು ಎರ್ಗ್‌ನಲ್ಲೇ ನಿಲ್ಲುವುದಿಲ್ಲ. ಎಲ್ಲ ಕಡೆಯೂ ಇದೇ ನಡೆದಿದೆ, ಅಲ್ವಾ? ಮಕ್ಕಳು ಆಟ ಆಡುವುದು ಅರ್ಜಿಯಲ್ಲಿ ಬರೆಯಲು. ನಡೆದರೆ ಹೆಜ್ಜೆ ಎಣಿಕೆ, ಮಲಗಿದರೆ ನಿದ್ದೆಯ ಅಂಕ. ಬರಹ ಹೇಗಿದೆ ಎಂದು ಕೇಳುವವರು ಕಡಿಮೆಯಾಗಿ, ಎಷ್ಟು ಜನ ನೋಡಿದರು ಎಂದು ಕೇಳುವವರೇ ಹೆಚ್ಚಾಗಿದ್ದಾರೆ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ತೂಗಿ ತೂಗಿ, ಒಟ್ಟಿಗೆ ಮಾಡಿದ ಕೆಲಸಕ್ಕೆ ಲೆಕ್ಕವೇ ಇಲ್ಲದಂತಾಗಿದೆ. ಎರಡನೇ ದೋಣಿಯವರು ದಿನವೂ ಪಕ್ಕದಲ್ಲಿ ಓಡಿ ಹಿಂಡದಿದ್ದರೆ ಮೊದಲನೇ ದೋಣಿಗೆ ಆ ವೇಗ ಎಲ್ಲಿಂದ ಬರುತ್ತಿತ್ತು? ಇದನ್ನು ಪದಕ ಗೆದ್ದವರು ಮರೆಯಬಹುದು, ನೀವು ಮರೆಯಬಾರದು.

ಆದ್ದರಿಂದ ನಿಮ್ಮ ಗೆಳೆಯನಿಗೆ ಈ ಪುಟ ಕಳಿಸಿ. ಆಮೇಲೆ ನಿಮ್ಮ ದೋಣಿಯ ಬಗ್ಗೆ ನಮಗೆ ಉದ್ದವಾಗಿ ಬರೆಯಿರಿ. ಯಾರ ಹಿಂದೆ ಯಾರು ಕೂರುತ್ತಿದ್ದರು, ಕಾಕ್ಸ್ ಏನೆಂದು ಕೂಗುತ್ತಿದ್ದರು, ಸೋತ ದಿನ ದೋಣಿ ಹೊತ್ತು ತರುವಾಗ ಯಾರು ಮೊದಲು ಮಾತಾಡಿದರು, ಎಲ್ಲ ಬೇಕು. ಎರಡು ಪುಟ ತೆಗೆದಿಡುತ್ತೇನೆ. ಎರ್ಗ್ ಟೈಮ್ ಮಾತ್ರ ಬೇಡ.