ಚೆಪಾಕಿನ ಗ್ರಂಥಾಲಯ ಮತ್ತು ಮಂಗಳೂರಿನಲ್ಲಿದ್ದ ಗಣಿತದ ಅಧ್ಯಾಪಕ

ಪ್ರಶ್ನೆ: ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಇಲ್ಲಿಂದ ಪದವಿ ಪಡೆದ ಹಿರಿಯರಲ್ಲಿ ಹೆಚ್ಚಿನವರು ಮದ್ರಾಸ್ ವಿಶ್ವವಿದ್ಯಾನಿಲಯದವರು. ಆ ವಿಶ್ವವಿದ್ಯಾನಿಲಯದ ಗ್ರಂಥಾಲಯ ಕಟ್ಟಡ ಯಾವಾಗಿನದು? ಅದನ್ನು ರೂಪಿಸಿದವರು ಮಂಗಳೂರಿನಲ್ಲಿ ಪಾಠ ಹೇಳುತ್ತಿದ್ದರೆಂಬುದು ನಿಜವೇ? ನಮ್ಮ ವಾಚನಾಲಯಕ್ಕೆ ಹೊಸ ಕೋಣೆ ಕಟ್ಟಿಸುವ ಮಾತು ನಡೆದಿದೆ. ವಿನ್ಯಾಸದ ಬಗೆಗೂ ತಿಳಿಸಿ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮದ್ರಾಸ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. ಅದರ ಗ್ರಂಥಾಲಯಕ್ಕೆ ಚೆಪಾಕಿನ ಕಡಲತೀರದಲ್ಲಿ ಸ್ವಂತ ಕಟ್ಟಡ ದೊರೆತದ್ದು 1936ರಲ್ಲಿ. ಅದಕ್ಕೂ ಮೊದಲು ಪುಸ್ತಕಗಳು ಕೆಲಕಾಲ ಎಗ್ಮೋರಿನ ಕನ್ನೆಮರ ಸಾರ್ವಜನಿಕ ಗ್ರಂಥಾಲಯದ ಆಶ್ರಯದಲ್ಲಿದ್ದವು.

ನೀವು ಕೇಳಿದ ವ್ಯಕ್ತಿ ಎಸ್. ಆರ್. ರಂಗನಾಥನ್. ಅವರು ವಾಸ್ತುಶಿಲ್ಪಿಯಲ್ಲ, ಗ್ರಂಥಪಾಲಕರು. ಮಂಗಳೂರಿನ ಮಾತು ಮಾತ್ರ ನಿಜ: 1917ರಲ್ಲಿ ಅವರು ಅಲ್ಲಿನ ಸರಕಾರಿ ಕಾಲೇಜಿಗೆ, ಅಂದರೆ ಇಂದಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿಗೆ, ಗಣಿತದ ಅಧ್ಯಾಪಕರಾಗಿ ಬಂದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದಾಗ ಆ ಕೆಲಸ ಅವರಿಗೆ ರುಚಿಸದೆ, ಪುನಃ ತರಗತಿಗೆ ಕಳುಹಿಸಿ ಎಂದು ಕೇಳಿಕೊಂಡಿದ್ದರು. ತರಬೇತಿಗಾಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡ ಮೇಲೆ ಅವರ ಮನಸ್ಸು ತಿರುಗಿತು.

ಆಗ ನಮ್ಮಲ್ಲಿ ಪುಸ್ತಕವನ್ನು ಬೀಗದೊಳಗಿಟ್ಟು ಕಾಯುವುದೇ ಗ್ರಂಥಪಾಲಕನ ಧರ್ಮವೆಂಬ ಭಾವನೆಯಿತ್ತು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದರಿಂದ ಆರಂಭವಾಗುವ ಐದು ಸೂತ್ರಗಳನ್ನು ರಂಗನಾಥನ್ 1931ರಲ್ಲಿ ಪ್ರಕಟಿಸಿದರು. ಕಟ್ಟಡದ ಬಗೆಗಿನ ಅವರ ವಿಚಾರಗಳೂ ಅವುಗಳಿಂದಲೇ ಹೊರಡುತ್ತವೆ. ಓದುಗ ತಾನೇ ಕಪಾಟಿನ ಬಳಿಗೆ ಹೋಗಿ ಪುಸ್ತಕ ತೆಗೆಯಬೇಕಾದರೆ ಮೇಲಿನ ಸಾಲೂ ನೆಲದಲ್ಲಿ ನಿಂತವನ ಕೈಗೆ ಎಟುಕಬೇಕು. ಎರಡು ಕಪಾಟುಗಳ ನಡುವೆ ಒಬ್ಬರು ಬಗ್ಗಿ ಹುಡುಕುತ್ತಿರುವಾಗ ಇನ್ನೊಬ್ಬರು ದಾಟಿಹೋಗುವಷ್ಟು ಎಡೆಯಿರಬೇಕು. ಹಗಲಿನ ಬೆಳಕು ಆ ಓಣಿಯುದ್ದಕ್ಕೂ ಬೀಳುವಂತೆ ಅದರ ಕೊನೆಗೇ ಕಿಟಕಿ ಬರಬೇಕು, ಎಂದರೆ ಕಪಾಟುಗಳನ್ನು ಕಿಟಕಿಯ ಗೋಡೆಗೆ ಅಡ್ಡಲಾಗಿ ನಿಲ್ಲಿಸಬೇಕು. ಗ್ರಂಥಾಲಯ ಬೆಳೆಯುವ ಜೀವಿ ಎಂಬ ಐದನೆಯ ಸೂತ್ರವನ್ನು ಭಾಷಣಗಳಲ್ಲಿ ಕೇಳುವಷ್ಟು ಕಟ್ಟಡದ ನಕ್ಷೆಗಳಲ್ಲಿ ನಾವು ಕಾಣುವುದಿಲ್ಲ. ಪುಸ್ತಕಗಳು ಪ್ರತಿವರ್ಷ ಹೆಚ್ಚುತ್ತವೆ, ಗೋಡೆಗಳು ಸರಿಯುವುದಿಲ್ಲ.

ನಿಮ್ಮ ಕೋಣೆಗೂ ಈ ತತ್ತ್ವಗಳು ಸಲ್ಲುತ್ತವೆಯಾದರೂ ಮದ್ರಾಸಿನ ಮಳೆ ಬೇರೆ, ನಮ್ಮ ಆಟಿಯ ಮಳೆ ಬೇರೆ. ಪಡುಗಾಳಿಗೆ ಎರಚಲು ಒಳನುಗ್ಗುವುದರಿಂದ ದೊಡ್ಡ ಕಿಟಕಿಗಳನ್ನು ಮೂಡಣಕ್ಕೂ ಬಡಗಣಕ್ಕೂ ಇಡಿ. ಪಶ್ಚಿಮಕ್ಕೆ ಕಿಟಕಿ ಬೇಕೇ ಬೇಕೆಂದಾದರೆ ಮಾಡಿನ ಚಾಚು ಅಗಲವಾಗಿರಲಿ. ಹೊರಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಪುಸ್ತಕಗಳಿಗೆ ಬೂಸರು ಹಿಡಿಯುವುದು ಬೇಗ, ಆದುದರಿಂದ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ. ಗೆದ್ದಲಿನ ಕಾಟವಿರುವಲ್ಲಿ ಮರಕ್ಕಿಂತ ಉಕ್ಕಿನ ಕಪಾಟು ಲೇಸು. ಕೆಳಗಿನ ಹಲಗೆ ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಹಣ ಸಾಲದೆ ಈಗ ಒಂದೇ ಕೋಣೆ ಕಟ್ಟಿಸುವುದಾದರೆ, ಮುಂದೆ ವಿಸ್ತರಿಸಬಹುದಾದ ಬದಿಯಲ್ಲಿ ಶೌಚಾಲಯವನ್ನಾಗಲಿ ನೀರಿನ ತೊಟ್ಟಿಯನ್ನಾಗಲಿ ಕಟ್ಟಲು ಬಿಡಬೇಡಿ. ಸಮಿತಿಗಳು ಮೊದಲು ಕೈಹಾಕುವುದೇ ಆ ಖಾಲಿ ಜಾಗಕ್ಕೆ.